ಕೆಂಪಾಜಮ್ಮನ ಮನೆಯ ಹೆಪ್ಪು

ಚಿಕ್ಕಯ್ಯನಛತ್ರದಿಂದ ಆಚೆಗಿರುವ ಆ ಊರಿನಲ್ಲಿ ಕೆಂಪಾಜಮ್ಮನ ಹೆಪ್ಪು ಹೋಗದ ಮನೆಯೇ ಇರಲಿಲ್ಲ. ದೀಪ ಹಚ್ಚುವ ಮುಂಚೆ ಬಟ್ಟಲು ಹಿಡಿದು ಬರುತ್ತಿದ್ದರು. ಹಚ್ಚಿದ ಮೇಲೆ ಬಂದರೆ ಬೈಸಿಕೊಂಡು ಬರಿಗೈಲಿ ಹೋಗಬೇಕಿತ್ತು. ಒಂದು ಚಮಚ ಮೊಸರು, ಅಷ್ಟೇ. ಯಾರ ಹಾಲಿಗೆ ಬಿದ್ದರೂ ಬೆಳಗ್ಗೆಗೆ ಗಟ್ಟಿ ಮೊಸರು. ಹುಳಿ ಇದೆಯೋ ಇಲ್ಲವೋ ಅನ್ನುವಷ್ಟು. ಕೈಗುಣ ಅನ್ನುತ್ತಿದ್ದರು. ಮದುವೆ ಮನೆಗಳಲ್ಲಿ ಅಡುಗೆಗೆ ಯಾರನ್ನೇ ಕರೆಯಲಿ, ನೀರುಮಜ್ಜಿಗೆಗೆ ಮಾತ್ರ ಅವಳೇ ಆಗಬೇಕು. ಸೌಟು ಮುಟ್ಟುತ್ತಿರಲಿಲ್ಲ. ಮೊಣಕೈವರೆಗೆ ಕೈ ಇಳಿಸಿ ಕಲಸುತ್ತಿದ್ದಳು.

ಹೋದ ವರ್ಷ ಮಾಘದಲ್ಲಿ ಮಗಳು ಪವಿತ್ರಾಳ ಮೈದುನನ ಮದುವೆ ಸೋಮನಾಥಪುರದಲ್ಲಿ ಆಯಿತು. ಅಲ್ಲೂ ಮಜ್ಜಿಗೆ ಇವಳದೇ. ಮೂರು ವಾರ ಕಳೆದಿರಲಿಲ್ಲ, ಆ ಕಡೆ ನಾಲ್ಕು ಜನ, ಈ ಊರಿನಲ್ಲಿ ಮೂರು ಜನ ಜ್ವರ ಹಿಡಿದು ಮಲಗಿದರು. ಟೈಫಾಯ್ಡ್. ಕಂಡರಿಯದ ಜ್ವರವೇನಲ್ಲ, ಆದರೆ ಈ ಸಲ ಕೊಟ್ಟ ಮಾತ್ರೆಗೆ ಜಗ್ಗಲಿಲ್ಲ. ಪಕ್ಕದ ಮನೆ ಚಿನ್ನಮ್ಮನ ಮೊಮ್ಮಗಳು ಹದಿನೈದು ದಿನ ಮೈಸೂರಿನ ಆಸ್ಪತ್ರೆಯಲ್ಲಿದ್ದು ಕಡ್ಡಿಯಾಗಿ ಮನೆಗೆ ಬಂತು.

ಆಮೇಲೆ ಆಶಾ ಕಾರ್ಯಕರ್ತೆ ನಯನ ಒಬ್ಬ ಹುಡುಗನನ್ನು ಕರೆತಂದಳು. ಆರೋಗ್ಯ ಇಲಾಖೆಯವನು, ಹೆಸರು ಮಲ್ಲಿಕಾರ್ಜುನ್. ಏಳೂ ಜನರ ರಕ್ತದಲ್ಲಿ ಸಿಕ್ಕಿದ ಸಾಲ್ಮೊನೆಲ್ಲಾ ಅನ್ನುವ ರೋಗಾಣುವಿನ ವಂಶವಾಹಿಯನ್ನು ಬೆಂಗಳೂರಿನ ಲ್ಯಾಬಿನಲ್ಲಿ ಅಕ್ಷರ ಅಕ್ಷರ ಓದಿದ್ದಾರಂತೆ. ಈ ಊರಿರುವ ನಂಜನಗೂಡು ತಾಲ್ಲೂಕಿನದೂ ಸೋಮನಾಥಪುರವಿರುವ ಟಿ. ನರಸೀಪುರದ್ದೂ ಒಂದೇ ವಂಶವಂತೆ. ಎರಡೂ ಕಡೆ ಅಡುಗೆಗೆ ಕೈ ಹಾಕಿದವರು ಯಾರು ಅಂತ ವಿಚಾರಿಸಿ, ಕೆಂಪಾಜಮ್ಮನ ಕೈಗೆ ಒಂದು ಪುಟ್ಟ ಡಬ್ಬಿ ಕೊಟ್ಟ. ಬೆಳಗ್ಗೆ ಕಕ್ಕಸಿಗೆ ಹೋದಾಗ ಅದರಲ್ಲಿ ಹಿಡಿಯಬೇಕು ಅಂತ ನಯನ ಕಿವಿಯಲ್ಲಿ ಹೇಳಿದಳು.

"ಇದ್ನೂ ಬೆಂಗ್ಳೂರ್ಗೆ ಕಳಿಸ್ತೀರಾ? ನಾನೇ ಇನ್ನೂ ಬೆಂಗ್ಳೂರ್ ಕಂಡಿಲ್ಲ ಕಣಪ್ಪ!" ಅಂದಳು ಕೆಂಪಾಜಮ್ಮ. ಎಲ್ಲರೂ ನಕ್ಕರು. ಮೂರು ಸಲ ಡಬ್ಬಿ ತುಂಬಿ ಕೊಟ್ಟಳು.

ಮುಂದಿನ ಸಲ ಬಂದಾಗ ಅವರಿಬ್ಬರೂ ನಗಲಿಲ್ಲ. ಅದೇ ರೋಗಾಣು ಅವಳಲ್ಲಿತ್ತು.

"ನಂಗೆ ಜ್ವರಾನೇ ಇಲ್ವಲ್ಲ ಸಾ."

"ನಿಮ್ಗೆ ಅದು ಏನೂ ಮಾಡಲ್ಲ ಅಮ್ಮ. ಪಿತ್ತಕೋಶದ ಕಲ್ಲಿನ ಮೇಲೆ ಸುಮ್ನೆ ಕೂತಿರ್ತದೆ. ಅಲ್ಲಿಂದ ಹೊರಕ್ಕೆ, ಕೈಗೆ, ಕೈಯಿಂದ ಊಟಕ್ಕೆ."

"ನಂದೇ ಅಂತ ಎಂಗೆ ಗೊತ್ತಾಯ್ತದೆ?"

ಅವನು ಏನೇನೋ ಹೇಳಲು ಹೋಗಿ ತಡವರಿಸಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದು, ಕೊನೆಗೆ, "ಮೊಸ್ರ ನಾಲ್ಗೆ ಮೇಲಿಟ್ರೆ ಯಾರ ಮನೆ ಹೆಪ್ಪು ಅಂತ ಏಳ್ಬುಡ್ತೀನಿ ನಾನು. ಅಂಗಾ?" ಅಂದಳು.

"ಅಂಗೇ ಅಮ್ಮ," ಅಂದವನು ತಲೆ ತಗ್ಗಿಸಿದ.

ಆಗ ಅವಳು ಯಾರೂ ಕೇಳದ ಒಂದು ಮಾತು ಹೇಳಿದಳು. ಮೂರು ವರ್ಷದ ಕೆಳಗೆ ಇಂಥದೇ ಜ್ವರ ಬಂದಿತ್ತು. ಹದಿನಾಲ್ಕು ಮಾತ್ರೆ ಕೊಟ್ಟಿದ್ದರು. ನಾಲ್ಕಕ್ಕೇ ಜ್ವರ ಬಿಟ್ಟಿತು. ಮಿಕ್ಕಿದ್ದನ್ನು ಬಿಸಾಕಲು ಮನಸ್ಸು ಬಾರದೆ, ಜ್ವರ ಅಂದವರಿಗೆ ಎರಡೆರಡು ಹಂಚಿದ್ದಳು. "ಅದ್ಕೇನಾ ಸಾ ಇದು ಯಾವ ಮಾತ್ರೆಗೂ ಎದ್ರದಂಗಾಗಿರೋದು?"

"ನಿಮ್ಮೊಬ್ರಿಂದ ಅಂತ ಹೇಳಕ್ಕಾಗಲ್ಲ ಅಮ್ಮ." ಅಲ್ಲ ಅಂತಲೂ ಅವನು ಅನ್ನಲಿಲ್ಲ.

ಒಂದು ತಿಂಗಳು ಬೇರೆ ಮಾತ್ರೆ ನುಂಗಿದಳು. ಈ ಸಲ ಒಂದೂ ಬಿಡಲಿಲ್ಲ. ಮತ್ತೆ ಡಬ್ಬಿ ಕಳಿಸಿದರೆ ರೋಗಾಣು ಅಲ್ಲೇ ಕೂತಿತ್ತು. ಪಿತ್ತಕೋಶ ತೆಗೆಸೋಣವೆಂದರೆ ಹೃದಯ ದುರ್ಬಲ, ಆಪರೇಷನ್ ತಡೆಯುವುದಿಲ್ಲ ಅಂದರು ಡಾಕ್ಟರು. "ಸೋಪಾಕಿ ಕೈ ತೊಳ್ಕೊಳಿ ದೊಡ್ಡವ್ವ, ಮಕ್ಳನ್ನೂ ಎತ್ಕೊಬೋದು," ಅಂದಳು ನಯನ. "ಬೇರೇವ್ರಿಗೆ ಅಡ್ಗೆ ಮಾತ್ರ ಬ್ಯಾಡ."

"ಹೆಪ್ಪು?"

"ಮೊಸ್ರಲ್ಲಿ ಬದುಕ್ತದೋ ಇಲ್ವೋ, ಗ್ಯಾರಂಟಿ ಏಳಕ್ಕಾಗಲ್ಲ. ಬ್ಯಾಡ ಬುಡಿ."

ಹೆಸರು ಯಾರಿಗೂ ಹೇಳುವುದಿಲ್ಲ ಅಂದಿದ್ದರು, ಹೇಳಲೂ ಇಲ್ಲ. ಆದರೆ ಊರಲ್ಲಿ ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಯಾರೂ ಜಗಳಕ್ಕೆ ಬರಲಿಲ್ಲ. ಬಟ್ಟಲುಗಳು ಬರುವುದು ನಿಂತಿತು. ಒಂದು ಸಂಜೆ ಚಿನ್ನಮ್ಮ ಕೊನೆಮನೆಯಿಂದ ಬಟ್ಟಲನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಬರುತ್ತಿದ್ದಳು.

"ಎಲ್ಗೆ ಓಗಿದ್ದೆ ಚಿನ್ನಮ್ಮ?"

"ಇಲ್ಲೇ ಕಣಕ್ಕ, ಬೆಂಕಿಪೊಟ್ಣ ಈಸ್ಕಬರಕ್ಕೆ."

"ನಿನ್ ಬೆಂಕಿಪೊಟ್ಣ ತುಳುಕ್ತಾ ಅದೆ ಕಣೆ, ಸೀರೆ ನೋಡ್ಕೊ."

ಇಬ್ಬರಿಗೂ ನಗು ಬಂತು. ನಗುನಗುತ್ತಲೇ ಚಿನ್ನಮ್ಮನ ಕಣ್ಣು ತುಂಬಿತು. "ನಿನ್ ಮೇಲೆ ಸಿಟ್ಟಿಲ್ಲ ಕಣಕ್ಕ. ಕೂಸಿನ ಮೊಕ ನೋಡುದ್ರೆ ಎದ್ರಿಕೆ."

ಅದೇ ವರ್ಷ, ಮದುವೆಯಾಗಿ ಒಂಬತ್ತು ವರ್ಷಕ್ಕೆ, ಪವಿತ್ರಾ ಬಸುರಿಯಾದಳು. ಬಾಣಂತನ ತವರಿನದು. ಖಾರದಪುಡಿಗೆ ಮೆಣಸು, ಒಣಶುಂಠಿ ಎಲ್ಲ ತಂದಿಟ್ಟಿದ್ದ ಕೆಂಪಾಜಮ್ಮ ತಾನೇ ಫೋನು ಮಾಡಿ, "ಬರಬ್ಯಾಡ ಕಣವ್ವ," ಅಂದಳು. ಯಾಕೆ ಅಂತ ಮಗಳಿಗೆ ಮಾತ್ರ ಹೇಳಿದಳು. ಮಗಳು ಅತ್ತೆಗೆ, ಅವ್ವನಿಗೆ ಎದೆನೋವು ಅಂತ ಹೇಳಿದಳು. ತಮ್ಮ ಮನೆಯ ಮದುವೆಯಲ್ಲಿ ನಾಲ್ಕು ಜನರನ್ನು ಮಲಗಿಸಿದ್ದು ಬೀಗಿತ್ತಿಯ ಕೈ ಅಂತ ಆ ಮನೆಗೆ ತಿಳಿದರೆ ಮಗಳು ಅಲ್ಲಿ ತಲೆಯೆತ್ತಿ ಬಾಳುವುದು ಹೇಗೆ?

ಕೂಸಿಗೆ ಮೂರು ತಿಂಗಳು ತುಂಬಿದಾಗ ಕೆಂಪಾಜಮ್ಮ ಸೋಮನಾಥಪುರಕ್ಕೆ ಹೋದಳು. ಮೂರು ಸಲ ಸೋಪು ಹಾಕಿ ಕೈ ತೊಳೆದಳು. ಆದರೂ ಕೂಸನ್ನು ಎತ್ತಿಕೊಳ್ಳಲಿಲ್ಲ; ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದಳು.

ಬೀಗಿತ್ತಿ ಸುಬ್ಬಲಕ್ಷ್ಮಮ್ಮ ಮೊಸರನ್ನ ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟಿದ್ದೇ ತಡ, ಕೆಂಪಾಜಮ್ಮನಿಗೆ ತನ್ನ ಅಡುಗೆಮನೆಯಲ್ಲೇ ಕೂತ ಹಾಗಾಯಿತು. ತನ್ನ ಹೆಪ್ಪು! ಊರಲ್ಲೆಲ್ಲ ಮಡಕೆ ತೊಳೆದು ಪ್ಯಾಕೆಟ್ ಮೊಸರಿನಲ್ಲಿ ಹೊಸದಾಗಿ ಹೆಪ್ಪು ಹಾಕಿದ್ದರು. ಅವಳ ಹೆಪ್ಪು ಇಲ್ಲೊಂದು ಕಡೆ ಉಳಿದಿತ್ತು. ಇನ್ನೊಂದು ತುತ್ತನ್ನು ಬಾಯಲ್ಲೇ ಇಟ್ಟುಕೊಂಡಳು.

"ನಿಮ್ದೇ ಕಣಕ್ಕ," ಅಂದಳು ಸುಬ್ಬಲಕ್ಷ್ಮಮ್ಮ. "ಮದ್ವೆಗೆ ತಂದಿದ್ರಲ್ಲ ಮೊಸ್ರು, ಮಿಕ್ಕಿದ್ದ ಎತ್ತಿಟ್ಟು ಎಪ್ಪಾಕ್ದೆ. ಒಂದಿನಾನೂ ತಪ್ಸಿಲ್ಲ. ಮೂರ್ ತಿಂಗ್ಳು ತುಂಬ್ತಲ್ಲ, ಇವತ್ನಿಂದ ಪವಿತ್ರಾಗೂ ಮೊಸ್ರು ಇಡವ ಅಂತ." ಅನ್ನುತ್ತಲೇ ಸೊಸೆಯ ತಟ್ಟೆಗೆ ಸೌಟು ಬಗ್ಗಿಸಿದಳು.

ಪವಿತ್ರಾ ಅವ್ವನ ಮುಖ ನೋಡಿ, ಬೇಡ, ಹೇಳಬೇಡ ಅನ್ನುವಂತೆ ಸಣ್ಣಗೆ ತಲೆಯಾಡಿಸಿದಳು. ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿಕೊಂಡಳು. ಇವತ್ತು ಸರಿಸಬಹುದು, ನಾಳೆ? ಈ ಮನೆಯ ಮಿಕ್ಕವರು?

ಕೆಂಪಾಜಮ್ಮ ಬಾಯಲ್ಲಿದ್ದುದನ್ನು ನುಂಗಿಕೊಂಡಳು.

"ಅಕ್ಕ, ಆ ಮೊಸ್ರ ಚೆಲ್ಬುಡಿ," ಅಂದಳು. "ಮಡ್ಕೆನೂ ಮಡಿಕಬ್ಯಾಡಿ. ಯಾಕೆ ಅಂತ ಏಳ್ತೀನಿ, ಕುಂತ್ಕಳಿ."

ಸುಬ್ಬಲಕ್ಷ್ಮಮ್ಮ ಕೂರಲಿಲ್ಲ. ನಿಂತೇ ಎಲ್ಲವನ್ನೂ ಕೇಳಿದಳು. ಮಡಕೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ನುಗ್ಗೆಮರದ ಬುಡದಲ್ಲಿ ಮೊಸರು ಗಡ್ಡೆಗಡ್ಡೆಯಾಗಿ ಬೀಳುವ ಸದ್ದು ಒಳಗೆ ಕೂತಿದ್ದ ತಾಯಿ ಮಗಳಿಬ್ಬರಿಗೂ ಕೇಳಿಸಿತು.