ನನ್ನ ಬಾಯಿ ಕಟ್ಟಿ ತಂಗಿಯನ್ನು ಉಳಿಸಿಕೊಟ್ಟ ಬಾಬಾ

ನನ್ನ ತಂಗಿ ಜೈನಾಬಿಯನ್ನು ಈ ದೇಶದಿಂದ ಹೊರಗೆ ಹಾಕಿಸಲು ಹೊರಟವನು ಬೇರೆ ಯಾರೂ ಅಲ್ಲ, ನಾನೇ. ಬಾಬಾನ ಹೊಸ್ತಿಲಿಗೆ ಬರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಭದ್ರಾವತಿಯ ಲಾರಿ ಮೆಕ್ಯಾನಿಕ್ ಬಾಷಾನ ಸಲಾಮು, ನಮಸ್ಕಾರ. ಉರುಸಿನ ಪುಸ್ತಕಕ್ಕೆ ಬರೆದುಕೊಡು ಎಂದು ದರ್ಗಾ ನೋಡಿಕೊಳ್ಳುವ ಮುಜಾವರ್ ಸಾಹೇಬರು ಮೂರು ಗುರುವಾರದಿಂದ ಬೆನ್ನು ಹತ್ತಿದ್ದಾರೆ. ಸ್ಪ್ಯಾನರ್ ಹಿಡಿಯುವ ಕೈ ಇದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಮೂರ್ಖತನವನ್ನು ಮಾತ್ರ ಮುಚ್ಚಿಡದೆ ಬರೆಯುತ್ತೇನೆ.

ಜೈನಾಬಿ ನನಗಿಂತ ಹತ್ತು ವರ್ಷ ಚಿಕ್ಕವಳು. ಶಿವಮೊಗ್ಗದಲ್ಲಿ ಹುಟ್ಟಿ, ತುಂಗೆಯ ನೀರು ಕುಡಿದು ಬೆಳೆದವಳು. ದೇಶ ಎರಡಾಗುವ ಮೊದಲೇ ಅವಳ ಮದುವೆ ಆಯಿತು. ಗಂಡ ನಮ್ಮ ಸಂಬಂಧಿಯೇ, ಕರಾಚಿಯಲ್ಲಿ ಅಂಗಡಿಯೊಂದರ ಗುಮಾಸ್ತ. ಅವನ ಹಿಂದೆ ಹೋದಳು. ಆಮೇಲೆ ನಡುವೆ ಗಡಿ ಬಿತ್ತು, ಕಾಗದ ಬರುವುದೂ ತಡವಾಗತೊಡಗಿತು. ಒಂದು ಕಾಗದದಲ್ಲಿ ಗಂಡನಿಗೆ ಕ್ಷಯ ಎಂದಿತ್ತು. ಮುಂದಿನ ಕಾಗದದಲ್ಲಿ ಅವನಿಲ್ಲ ಎಂದಿತ್ತು. ಮಕ್ಕಳಿಲ್ಲ. ಇಲ್ಲಿಗೆ ಬರಬೇಕೆಂದರೆ ಪಾಸ್‌ಪೋರ್ಟು ಬೇಕು, ಅಲ್ಲಿ ಕೊಡುವುದು ಆ ದೇಶದ ಪಾಸ್‌ಪೋರ್ಟನ್ನೇ. ಅದನ್ನು ಹಿಡಿದುಕೊಂಡು ಹಡಗಿನಲ್ಲಿ ಮುಂಬಯಿಗೆ ಬಂದು, ರೈಲು ಹತ್ತಿ ಭದ್ರಾವತಿಯಲ್ಲಿ ಇಳಿದಳು. ಕೈಯಲ್ಲಿ ಒಂದು ತಗಡಿನ ಟ್ರಂಕು, ಗಂಡ ಕೊಡಿಸಿದ್ದ ಹೊಲಿಗೆ ಮೆಷೀನು, ಮೂರು ತಿಂಗಳ ವೀಸಾ. ಮೈಸೂರು ರಾಜ್ಯ ದೊಡ್ಡದಾಗಿ ಆಗ ಎರಡು ವರ್ಷವಾಗುತ್ತಿತ್ತು.

ಹುಟ್ಟಿದ ಊರಾದ ಶಿವಮೊಗ್ಗದ ಪೊಲೀಸ್ ಕಚೇರಿಯಲ್ಲೇ ಅವಳು ಹೊರದೇಶದವಳೆಂದು ಸಹಿ ಹಾಕಬೇಕಾಯಿತು. ಅಮ್ಮನ ಗೋರಿ ಅಲ್ಲಿಂದ ಎರಡು ಬೀದಿಯಾಚೆ. ಸಹಿ ಹಾಕಿ ಹೊರಗೆ ಬಂದವಳು ಬುರ್ಖಾದ ಒಳಗೆ ಅತ್ತಿದ್ದು ನನಗೆ ಗೊತ್ತಾಯಿತು, ಗೊತ್ತಾಗದವನ ಹಾಗೆ ಬಸ್ ಹತ್ತಿಸಿದೆ.

ಆ ಕಚೇರಿಯ ಹೆಡ್ ಗುಮಾಸ್ತರು ಶೇಷಗಿರಿರಾಯರು. ನಾನು ರಿಪೇರಿ ಮಾಡುವ ಒಂದು ಬಸ್ಸಿನಲ್ಲಿ ಓಡಾಡುತ್ತಿದ್ದರಿಂದ ಪರಿಚಯ. ಎರಡು ಸಲ ವೀಸಾ ಮುಂದಕ್ಕೆ ಹಾಕಿಸಿಕೊಟ್ಟು ಅವರೇ ದಾರಿ ಹೇಳಿದರು. "ನೋಡು ಬಾಷಾ, ಹೀಗೆ ಎಷ್ಟು ಸಲ ಅಂತ ಎಳೀತೀಯ? ಇಲ್ಲೇ ಬಹುಕಾಲ ಇರೋಕೆ ಪರವಾನಗಿ ಕೇಳು. ವಿಧವೆ, ಒಡಹುಟ್ಟಿದ ಅಣ್ಣ ಇದಾನೆ, ಕೊಡಬಹುದು. ಅರ್ಜಿ ಹಾಕಿ ಸಾಹೇಬರ ಮುಂದೆ ಇಬ್ಬರೂ ಬನ್ನಿ."

ಹೋದೆವು. ಸಾಹೇಬರು ಒಳ್ಳೆಯ ಮಾತಿನಲ್ಲೇ ಕೇಳಿದರು, "ಇವರ ಜೀವನಕ್ಕೆ ಏನು ವ್ಯವಸ್ಥೆ?"

ಈಗ ನನ್ನ ಬುದ್ಧಿಯ ಕಥೆ ಕೇಳಿ. ನಮ್ಮ ಗ್ಯಾರೇಜುಗಳಲ್ಲಿ ಒಬ್ಬರನ್ನು ಸೇರಿಸಬೇಕಾದರೆ ಜೊತೆಗೆ ಹೋದವನು ಅವರ ಕೈಗುಣ ಹೊಗಳಬೇಕು. "ಇವನಿಗೆ ಬೋಲ್ಟು ಸವರಿದರೆ ಸಾಕು, ಸೈಜು ಹೇಳ್ತಾನೆ" ಅಂತೆಲ್ಲ. ಹೊಗಳದಿದ್ದರೆ ಮಾಲೀಕ ಒಳಗೆ ಬಿಡುವುದಿಲ್ಲ. ಮೂವತ್ತು ವರ್ಷ ನಾನು ಕಲಿತ ಶಿಫಾರಸು ಅದೊಂದೇ. ಎದೆ ಉಬ್ಬಿಸಿ ಹೇಳಿದೆ, "ಸ್ವಾಮಿ, ನಮ್ಮ ತಂಗಿ ಯಾರ ಮೇಲೂ ಭಾರ ಆಗೋಳಲ್ಲ. ಮೆಷೀನ್ ತಂದಿದಾಳೆ. ಅವಳ ಹೊಲಿಗೆ ನೋಡಿದ್ರೆ ಭದ್ರಾವತಿ ಟೈಲರ್‌ಗಳೆಲ್ಲ ಅಂಗಡಿ ಮುಚ್ಚಬೇಕು. ನಾಲ್ಕು ಜನಕ್ಕೆ ಅನ್ನ ಹಾಕೋ ಕೈ ಸ್ವಾಮಿ ಅದು!"

ಸಾಹೇಬರು ಬರೆದುಕೊಂಡರು. ರಾಯರು ಅವರ ಬೆನ್ನ ಹಿಂದೆ ನಿಂತು ಕಣ್ಣು ಅಗಲಿಸಿ ತಲೆ ಅಲ್ಲಾಡಿಸುತ್ತಿದ್ದರು. ನನ್ನ ಮಾತು ಮೆಚ್ಚಿಕೊಂಡರು ಎಂದುಕೊಂಡು ಇನ್ನೂ ಎರಡು ಮಾತು ಸೇರಿಸಿದೆ. ಹೊರಗೆ ಬಂದ ಮೇಲೆ ಅವರು ನನ್ನ ತೋಳು ಹಿಡಿದು ಗೋಡೆಗೆ ಒರಗಿಸಿದರು.

"ಏನ್ ಕೆಲಸ ಮಾಡಿದೆ ಮಾರಾಯ! ಈ ಪರವಾನಗಿ ಕೊಡೋದೇ ಇಲ್ಲಿ ದುಡಿಯಲ್ಲ, ಮನೆಯವರು ಸಾಕ್ತಾರೆ ಅನ್ನೋರಿಗೆ. ನೀನು ನೋಡಿದ್ರೆ ಅವಳು ದುಡಿಯೋಕೇ ಬಂದಿದಾಳೆ ಅಂತ ಬಾಯಿಬಿಟ್ಟು ಬರೆಸಿ ಬಂದೆ!"

ವಾಪಸು ಹೋಗಿ ತಪ್ಪಾಯಿತು ಅನ್ನುತ್ತೇನೆ ಎಂದರೆ, "ಈಗ ಮಾತು ಬದಲಾಯಿಸಿದ್ರೆ ಇನ್ನೂ ಕೆಡುತ್ತೆ, ಸುಮ್ಮನೆ ಮನೆಗೆ ಹೋಗು" ಅಂದರು.

ಎರಡು ತಿಂಗಳಾದ ಮೇಲೆ ರಾಯರು ಹೇಳಿಕಳಿಸಿದರು. ಮೇಲಿನಿಂದ ಆಕ್ಷೇಪಣೆ ಬಂದಿತ್ತು. ಸ್ಥಳಕ್ಕೆ ಬಂದು ವಿಚಾರಣೆ ಮಾಡುತ್ತಾರೆ, ಹೊಲಿದು ಸಂಪಾದಿಸುತ್ತಿದ್ದಾಳೆಂದು ಕಂಡರೆ ಇರುವ ವೀಸಾ ಮುಗಿದ ದಿನವೇ ಹೊರಡಬೇಕು. ಜೈನಾಬಿಗೆ ಇದನ್ನು ಹೇಳಲು ಮನೆಯ ಮುಂದೆ ನಾಲ್ಕು ಸಲ ಓಡಾಡಿದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಭಾಯಿ, ಅಲ್ಲಿ ಹೋಗಿ ಯಾರ ಬಾಗಿಲು ತಟ್ಲಿ? ನಾವಿದ್ದ ಮನೇಲಿ ಈಗ ಬೇರೆಯವರಿದಾರೆ" ಅಂದಳು.

ಮರುದಿನ ಮೆಷೀನನ್ನು ಗೋಣಿಯಲ್ಲಿ ಸುತ್ತಿ ಪಕ್ಕದ ಮನೆಯ ಕಾಮಾಕ್ಷಮ್ಮನವರಲ್ಲಿ ಇಟ್ಟುಬಂದೆ. ಅವರ ಗಂಡ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸಕ್ಕಿದ್ದರು, ಸೇಲಂ ಕಡೆಯವರು. ದಾರದುಂಡೆ, ಗುಂಡಿ, ಬಟ್ಟೆಯ ಚೂರು ಎಲ್ಲ ಬಾಚಿ ಕೊಟ್ಟೆ. ಮೆಷೀನು ಹೋದ ಮೂಲೆಯನ್ನೇ ನೋಡುತ್ತ ಜೈನಾಬಿ ಕೂತಿರುತ್ತಿದ್ದಳು. ನಮ್ಮ ಮನೆಯವಳು ಊಟಕ್ಕೆ ಕರೆದರೆ ಬಂದು ಎರಡು ತುತ್ತು ತಿಂದು ಏಳುತ್ತಿದ್ದಳು. ದೊಡ್ಡವರು ಎನಿಸಿಕೊಂಡ ಇಬ್ಬರ ಮನೆಗೂ ಹೋಗಿ ಕೈಮುಗಿದೆ. ಒಬ್ಬರು ಚಹಾ ಕೊಟ್ಟರು, ಇನ್ನೊಬ್ಬರು ಅದನ್ನೂ ಕೊಡಲಿಲ್ಲ.

ಆ ಗುರುವಾರ ಗ್ಯಾರೇಜಿನ ಬಟ್ಟೆಯಲ್ಲೇ ಶಿವಮೊಗ್ಗದ ಬಸ್ ಹತ್ತಿ ದರ್ಗಾಕ್ಕೆ ಬಂದೆ. ಕೊಡುವವನು ಅಲ್ಲಾಹನೇ, ಬಾಬಾ ನಮ್ಮ ಮಾತನ್ನು ಅಲ್ಲಿಗೆ ಮುಟ್ಟಿಸುವವರು. ಆದರೆ ಮುಟ್ಟಿಸಲು ನನ್ನ ಬಳಿ ಮಾತೇ ಇರಲಿಲ್ಲ. ಚಾದರ ಹೊದಿಸುತ್ತೇನೆ, ಅನ್ನದಾನ ಮಾಡುತ್ತೇನೆ ಎಂದೆಲ್ಲ ಶುರುಮಾಡಿದೆ. ಅದು ನನ್ನ ಕಿವಿಗೇ ಗ್ಯಾರೇಜಿನ ಶಿಫಾರಸಿನ ಹಾಗೆ ಕೇಳಿಸಿತು. ನಾಚಿಕೆಯಾಗಿ ನಿಲ್ಲಿಸಿದೆ. ಹಣೆ ಹೊಸ್ತಿಲಿಗೆ ಇಟ್ಟು, "ಬಾಬಾ, ನನ್ನ ಬಾಯಿ ಕೆಡಿಸಿದ್ದನ್ನ ನನ್ನ ಬಾಯಿಂದ ಸರಿ ಮಾಡೋಕಾಗಲ್ಲ. ಇವಳ ವಿಷಯದಲ್ಲಿ ಇನ್ನು ಯಾವ ಅಧಿಕಾರಿ ಮುಂದೂ ನಾನು ಮಾತಾಡಲ್ಲ. ಇದೇ ನನ್ನ ಹರಕೆ. ನೀವೇ ನೋಡ್ಕೊಳ್ಳಿ" ಎಂದೆ. ಗಂಡಸಾಗಿ ಅಷ್ಟು ಜನರ ನಡುವೆ ಬಿಕ್ಕಿಬಿಕ್ಕಿ ಅತ್ತೆ.

ಒಂಬತ್ತು ದಿನ ಕಳೆದವು. ಹತ್ತನೆಯ ದಿನ ಬೆಳಗ್ಗೆ ನಮ್ಮ ಬೀದಿಯ ಮುದುಕಿ ಬೀಬಿಜಾನ್ ತೀರಿಕೊಂಡರು. ಅವರ ಮಗ ಖಾದರ್ ಲಾರಿ ಡ್ರೈವರ್. ಬಿಳಿ ಬಟ್ಟೆ ತಂದು ಜೈನಾಬಿಯ ಮುಂದೆ ಇಟ್ಟ, ಶವಕ್ಕೆ ಉಡಿಸುವ ಕಫನ್ ಸಿದ್ಧಮಾಡಿಕೊಡಲು. ಶಿವಮೊಗ್ಗದಲ್ಲಿ ನಮ್ಮ ಅಮ್ಮ ಇದ್ದಷ್ಟು ದಿನ ಈ ಕೆಲಸ ಅಮ್ಮನದು. ಇಲ್ಲಿಗೆ ಇವಳು ಬಂದ ಮೇಲೆ ನಮ್ಮ ಬೀದಿಯವರು ಇವಳಲ್ಲಿಗೆ ತರುತ್ತಿದ್ದರು. ಅದಕ್ಕೆ ಮೆಷೀನು ಮುಟ್ಟಿಸುವುದಿಲ್ಲ. ಅದೇ ಬಟ್ಟೆಯಿಂದ ಎಳೆ ತೆಗೆದು ಸೂಜಿಗೆ ಪೋಣಿಸಿ ಕೈಯಲ್ಲೇ ಹಾಕುವ ಹೊಲಿಗೆ. ಹೆಂಗಸಿಗಾದರೆ ಐದು ತುಂಡು. ಮಣ್ಣಿಗೆ ಹೋಗಬೇಕೆಂದು ನಾನೂ ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದೆ.

ಅವಳು ಮೂರನೆಯ ತುಂಡು ಕತ್ತರಿಸುತ್ತಿದ್ದಾಗ ಬಾಗಿಲಲ್ಲಿ ಬೂಟಿನ ಸಪ್ಪಳವಾಯಿತು. ಸಬ್ ಇನ್ಸ್‌ಪೆಕ್ಟರು, ಹಿಂದೆ ಒಬ್ಬ ಪೇದೆ. ನಡುಮನೆಯ ತುಂಬ ಬಟ್ಟೆ, ಕತ್ತರಿ, ಅವಳ ಕೈಯಲ್ಲಿ ಸೂಜಿ.

"ಹೊಲಿಗೆ ಚೆನ್ನಾಗೇ ನಡೀತಿದೆಯಲ್ಲ" ಅಂದರು.

ನನ್ನ ನಾಲಿಗೆಯ ತುದಿಗೆ ಸುಳ್ಳು ಸಿದ್ಧವಾಗಿ ಬಂದಿತ್ತು: ಸ್ವಾಮಿ, ನನ್ನದೇ ಜುಬ್ಬ, ಮನೆಯ ಬಟ್ಟೆ. ಹಲ್ಲು ಕಚ್ಚಿ ಹಿಡಿದೆ. ಹರಕೆ ಹರಕೆಯೇ.

"ಮೆಷೀನ್ ಎಲ್ಲಿ?"

ಜೈನಾಬಿ ಸೆರಗು ಮುಂದೆಳೆದುಕೊಂಡು ಹೇಳಿಬಿಟ್ಟಳು, "ಪಕ್ಕದ ಮನೇಲಿದೆ ಸಾಹೇಬ್ರೇ. ನಮ್ಮ ಭಾಯಿ ಹೆದರಿಕೊಂಡು ಇಟ್ಟಿದಾರೆ."

ಮುಗಿಯಿತು ಎಂದುಕೊಂಡೆ. ಆ ಹೊತ್ತಿಗೆ ಕಾಮಾಕ್ಷಮ್ಮ ಮೆಷೀನಿಗೆ ತಮ್ಮ ರೇಷ್ಮೆ ಸೀರೆ ಹೊದಿಸಿ ಅದರ ಮುಂದೆ ಕಾಲುಚಾಚಿ ಕೂತಿದ್ದರಂತೆ. ಪಾಪ, ಅವರ ಕಷ್ಟ ವ್ಯರ್ಥವಾಯಿತು.

"ಇದು ಯಾರ ಬಟ್ಟೆ? ಹೊಲಿಗೆಗೆ ಎಷ್ಟು ತಗೋತೀರಿ?"

ಆ ಪ್ರಶ್ನೆಗೆ ಅವಳ ಕಣ್ಣಿಂದ ನೀರು ಬಟ್ಟೆಯ ಮೇಲೆ ಬಿತ್ತು, ಇನ್ನೂ ಬೀಳಬಾರದೆಂದು ಬಟ್ಟೆಯನ್ನು ದೂರ ಸರಿಸಿದಳು. ಬಾಗಿಲ ಬಳಿ ಕಾಯುತ್ತ ನಿಂತಿದ್ದ ಖಾದರ್ ಮುಂದೆ ಬಂದ.

"ನಮ್ಮ ಅಮ್ಮನ ಕಫನ್ ಸ್ವಾಮಿ ಅದು. ಬೆಳಗ್ಗೆ ಹೋದ್ರು. ಕಫನ್‌ಗೆ ಯಾರಾದ್ರೂ ಕೂಲಿ ಕೇಳ್ತಾರಾ? ಈ ಬೀದೀಲಿ ಯಾರ ಮನೇಲಿ ಸಾವಾದ್ರೂ ಈ ತಾಯಿನೇ ಮಾಡಿಕೊಡೋದು. ಒಂದು ಲೋಟ ಚಹಾನೂ ಮುಟ್ಟಲ್ಲ."

ಇನ್ಸ್‌ಪೆಕ್ಟರು ಟೋಪಿ ತೆಗೆದರು. ಸ್ವಲ್ಪ ಹೊತ್ತು ಆ ಬಟ್ಟೆಯನ್ನೇ ನೋಡಿ ನನ್ನ ಕಡೆ ತಿರುಗಿದರು. "ನೀವು ಅಣ್ಣ ಅಲ್ವಾ? ಕಚೇರೀಲಿ ಅಷ್ಟೆಲ್ಲ ಹೇಳಿದೀರಿ, ಈಗ್ಯಾಕೆ ತುಟಿ ಬಿಚ್ತಿಲ್ಲ?"

ನಾನು ಬಾಯಿಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದೆ. ಅಷ್ಟರಲ್ಲಿ ಬಂದಿದ್ದ ಕಾಮಾಕ್ಷಮ್ಮ, "ಅಯ್ಯೋ ಸಾರ್, ಅವ್ರು ಮಾತಾಡಿದ್ದಕ್ಕೇ ಇಷ್ಟೆಲ್ಲಾ ಆಗಿದ್ದು. ಮಾತಾಡಲ್ಲಾಂತ ಬಾಬಾಗೆ ಹರಕೆ ಕಟ್ಕೊಂಡವ್ರೆ. ಬಿಡಿ ಸಾರ್" ಅಂದರು.

ಇನ್ಸ್‌ಪೆಕ್ಟರರ ಮುಖದಲ್ಲಿ ನಗು ಬಂದು ಹೋಯಿತು. "ಮುಗಿಸಿ ತಾಯಿ. ನಾನು ಹೊರಗಿರ್ತೀನಿ" ಎಂದು ಜಗಲಿಯ ಮೇಲೆ ಕೂತು ಬೀದಿಯವರನ್ನು ಒಬ್ಬೊಬ್ಬರಾಗಿ ಕರೆದು ಕೇಳಿ ಬರೆದುಕೊಂಡರು. ನಾನು ಆ ಸುಳ್ಳು ಹೇಳಿದ್ದರೆ ಮರುಗಳಿಗೆಯಲ್ಲೇ ಖಾದರನ ಮುಂದೆ ಸಿಕ್ಕಿಬೀಳುತ್ತಿದ್ದೆ. ಸುಳ್ಳನ ತಂಗಿಯ ಮಾತನ್ನು ಯಾರು ನಂಬುತ್ತಿದ್ದರು?

ಆದರೂ ಪರವಾನಗಿ ಬಂದಿರಲಿಲ್ಲ. ಮಳೆ ಹಿಡಿಯಿತು, ವೀಸಾ ಮುಗಿಯಲು ಒಂದು ವಾರ ಉಳಿಯಿತು. ಜೈನಾಬಿ ತಾನೇ ಟ್ರಂಕು ಕಟ್ಟಿಕೊಂಡಳು. ಅಮ್ಮನ ಗೋರಿಯ ಹಿಡಿ ಮಣ್ಣನ್ನು ಕರವಸ್ತ್ರದಲ್ಲಿ ಗಂಟುಹಾಕಿ ಇಟ್ಟುಕೊಂಡಿದ್ದನ್ನು ಕಂಡು ನಾನು ಮನೆಯಲ್ಲಿ ನಿಲ್ಲಲಾರದೆ ಗ್ಯಾರೇಜಿಗೆ ಹೋಗಿ ಲಾರಿಯ ಕೆಳಗೆ ಮಲಗಿದೆ, ಕೆಲಸ ಮಾಡುವವನ ಹಾಗೆ.

ಅಲ್ಲಿಗೇ ಶಿವಮೊಗ್ಗದ ಬಸ್ಸಿನ ಕಂಡಕ್ಟರ್ ಬಂದು, "ರಾಯರು ನಾಳೆ ತಂಗೀನ ಕರ್ಕೊಂಡು ಬರೋಕೆ ಹೇಳಿದಾರೆ" ಎಂದ. ಯಾಕೆ ಎಂದರೆ ಅವನಿಗೆ ಗೊತ್ತಿಲ್ಲ. ಹೊರಡಿಸಲಿಕ್ಕೇ ಎಂದು ನಮಗೆ ಖಾತ್ರಿಯಾಯಿತು. ಟ್ರಂಕನ್ನೂ ಬಸ್ಸಿನ ಮೇಲೆ ಹಾಕಿದೆವು.

ಟ್ರಂಕು ನೋಡಿ ರಾಯರು, "ಇದ್ಯಾಕೆ ತಂದ್ರಿ?" ಅಂದರು. ಆಮೇಲೆ ಕಾಗದ ಓದಿದರು. ಅಣ್ಣನ ಆಶ್ರಯದಲ್ಲಿ ಇಲ್ಲೇ ಇರಲು ಪರವಾನಗಿ. ವರ್ಷಕ್ಕೊಮ್ಮೆ ಬಂದು ಹೊಸದು ಮಾಡಿಸಬೇಕು, ಸಂಬಳಕ್ಕೆ ದುಡಿಯಕೂಡದು. ನನಗೆ ಹರಕೆ ಮರೆತೇಹೋಗಿ, "ಸ್ವಾಮಿ, ನಮ್ಮ ತಂಗಿ..." ಎಂದು ಬಾಯಿ ತೆರೆದೆ.

"ಬಾಯಿ ಮುಚ್ಚು ಮಾರಾಯ! ಮೊದಲು ಅವಳು ಸಹಿ ಹಾಕಲಿ!"

ಅವಳು ಸಹಿ ಹಾಕಿದಳು. ಅಲ್ಲಿಂದ ಟ್ರಂಕು ಹೊತ್ತುಕೊಂಡೇ ದರ್ಗಾಕ್ಕೆ ನಡೆದೆವು. ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿ ಹಂಚಿದೆವು. ಕರವಸ್ತ್ರದ ಮಣ್ಣನ್ನು ಅವಳು ಅಮ್ಮನ ಗೋರಿಗೇ ವಾಪಸು ಹಾಕಿ ಬಂದಳು.

ಇದಾಗಿ ಆರು ವರ್ಷ. ಪ್ರತಿ ವರ್ಷ ಪರವಾನಗಿ ಹೊಸದು ಮಾಡಿಸಲು ಅವಳನ್ನು ಆ ಕಚೇರಿಗೆ ಕರೆದೊಯ್ಯುತ್ತೇನೆ. ನಾನು ಹೊರಗೆ ಬೇವಿನ ಮರದ ಕೆಳಗೆ ನಿಲ್ಲುತ್ತೇನೆ, ಒಳಗೆ ಕಾಲಿಡುವುದಿಲ್ಲ. ಮೆಷೀನನ್ನು ಕಾಮಾಕ್ಷಮ್ಮನವರ ಮಗಳ ಮದುವೆಗೆ ಉಡುಗೊರೆಯಾಗಿ ಕೊಟ್ಟೆವು. ಜೈನಾಬಿಯ ಕೈಯಲ್ಲಿ ಈಗ ಸೂಜಿ ಮಾತ್ರ. ಬೀದಿಯಲ್ಲಿ ಯಾರು ಹೋದರೂ ಕೊನೆಯ ಬಟ್ಟೆ ಅವಳ ಕೈಯಿಂದಲೇ ಹೋಗುತ್ತದೆ.

ಬಂಧುಗಳೇ, ಕಷ್ಟ ಬಂದಾಗ ಬಾಬಾನ ಮುಂದೆ ಹೆಚ್ಚು ಮಾತಾಡಬೇಡಿ. ಅವರಿಗೆ ಗೊತ್ತು. ನನ್ನ ವಯಸ್ಸೂ ಅರವತ್ತು ಸಮೀಪಿಸಿತು. ನನಗೆ ಈಗ ಉಳಿದಿರುವ ಬೇಡಿಕೆ ಒಂದೇ. ನನ್ನ ಕಫನ್ನಿನ ಎಳೆ ತೆಗೆಯುವ ದಿನ ಬಂದಾಗ ಜೈನಾಬಿ ನಮ್ಮ ಮನೆಯಲ್ಲೇ ಇರಬೇಕು.