ಬೀಗರ ಏಣಿಯೂ ಐವತ್ತೆರಡು ಸೆಕೆಂಡೂ

ಪ್ರಯೋಗಾಲಯದಲ್ಲಿ ಅವರನ್ನು ಎಲ್ಲರೂ ಗೊಣಗಣ್ಣ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಅವರೂ ಓಗೊಡುತ್ತಿದ್ದರು. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಅವರು ಗೊಣಗದೆ ಮಾಡಿದ ಕೆಲಸ ಒಂದೂ ಇಲ್ಲ, ಕೆಡಿಸಿದ ಕೆಲಸವೂ ಇಲ್ಲ. ಬೀಕರು ತೊಳೆಯುವಾಗ ನಲ್ಲಿಗೆ ಬೈಗುಳ, ಗ್ಲೌಸು ಹಾಕುವಾಗ ಅದನ್ನು ಮಾಡಿದವರಿಗೆ ಬೈಗುಳ. ಗೊಣಗಾಟವನ್ನೆಲ್ಲ ಇಲ್ಲೇ ಖಾಲಿ ಮಾಡಿ ಹೋಗುತ್ತಿದ್ದುದರಿಂದ ಮನೆಯಲ್ಲಿ ಅವರ ಹೆಂಡತಿ ನೆಮ್ಮದಿಯಾಗಿದ್ದರು.

ಅವರ ಕೆಲಸ ಹೇಳಲು ಸುಲಭ, ಮಾಡಲು ಬಲು ಕಿರಿಕಿರಿ. ಹೆಬ್ಬೆರಳಗಲದ ಗಾಜಿನ ಮೇಲೆ ಒಂದು ಬಗೆಯ ಪ್ಲಾಸ್ಟಿಕ್ಕಿನ ಪದರ ಬಳಿದಿರುತ್ತದೆ. ಕೂದಲಿನ ಸಾವಿರದಲ್ಲೊಂದು ಪಾಲು ದಪ್ಪ. ಅದರಲ್ಲಿ ಕರೆಂಟು ಹರಿಯುವುದು ಅಷ್ಟಕ್ಕಷ್ಟೆ. ಹರಿಯಬೇಕಾದರೆ ಅದರ ಮೇಲೆ ಇನ್ನೊಂದು ದ್ರಾವಣ ಸುರಿಯಬೇಕು. ಆ ದ್ರಾವಣ ಪದರವನ್ನು ಕರಗಿಸಬಾರದು, ಆದರೆ ಅದರೊಳಗಿನ ಮದ್ದು ಮಾತ್ರ ಪದರಕ್ಕೆ ಇಳಿಯಬೇಕು. ಓದಿದವರು ಇದಕ್ಕೆ ಡೋಪಿಂಗ್ ಎನ್ನುತ್ತಾರೆ, ಗೊಣಗಣ್ಣ ಮದ್ದು ಹಾಕುವುದು ಎನ್ನುತ್ತಿದ್ದರು. ಆಮೇಲೆ ಗುಂಡಿ ಒತ್ತಿದರೆ ಗಾಜು ಗಿರ್ರನೆ ತಿರುಗಿ ಉಳಿದ ದ್ರಾವಣವನ್ನು ಹಾರಿಸುತ್ತದೆ. ಬೇಗ ಒತ್ತಿದರೆ ಮದ್ದು ಇಳಿದಿರುವುದಿಲ್ಲ. ತಡ ಮಾಡಿದರೆ ಗಂಟುಗಂಟಾಗಿ ಪದರವೇ ಹಾಳು.

ಎಷ್ಟು ಹೊತ್ತು ಬಿಡಬೇಕು? ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ ತನ್ನ ಪುಸ್ತಕದಲ್ಲಿ "ಮೂವತ್ತು ಸೆಕೆಂಡು" ಎಂದು ಬರೆದುಕೊಂಡಿದ್ದಳು. ಗಡಿಯಾರ ನೋಡದೆ ಅಂದಾಜಿನಲ್ಲಿ ಹೇಳಿಕೊಟ್ಟವರು ಗೊಣಗಣ್ಣನೇ. ಅವಳು ಮೊಬೈಲು ನೋಡಿ ಮೂವತ್ತಕ್ಕೆ ಗುಂಡಿ ಒತ್ತಿದ ಒಂದು ಪದರವೂ ಸರಿಬರಲಿಲ್ಲ. ಗೊಣಗಣ್ಣ ಮಾಡಿದ್ದರಲ್ಲೆಲ್ಲ ಕರೆಂಟು ಸರಾಗವಾಗಿ ಹರಿಯಿತು.

"ಕೈಗುಣ ಕಣಮ್ಮ. ಮೊಬೈಲಿಗೆ ಎಲ್ಲಿಂದ ಬರತ್ತೆ?" ಎಂದು ಅವರು ಬೀಗುತ್ತಿದ್ದರು. ಅವಳೂ ನಂಬಿದ್ದಳು. ಶುಕ್ರವಾರ ಪರೀಕ್ಷಕರು ಬಂದು ತಮ್ಮ ಕಣ್ಣೆದುರೇ ಒಂದು ಪದರ ಮಾಡಿಸಿ ನೋಡುವವರಿದ್ದರು. ಕರೆಂಟು ಹರಿಯದಿದ್ದರೆ ಅವಳ ಎರಡು ವರ್ಷದ ದುಡಿಮೆ ಮಣ್ಣುಪಾಲು.

ಮದ್ದು ಸುರಿದ ಮೇಲೆ ಗೊಣಗಣ್ಣ ಗೊಣಗುತ್ತಿದ್ದುದು ಒಂದೇ ವಿಷಯ. ಮಗಳ ಮಾವ, ಅಂದರೆ ಅವರ ಬೀಗರು, ಒಂದು ವರ್ಷದ ಹಿಂದೆ ಏಣಿ ಒಯ್ದಿದ್ದರು. ಆ ಪುರಾಣ "ಏಣಿ ಕೇಳ್ದ, ಕೊಟ್ಟೆ" ಎಂದು ಶುರುವಾಗಿ, ಮೂರನೇ ಮೆಟ್ಟಿಲು ಮುರಿದದ್ದಕ್ಕೆ ಬಂದು, ಮೊದಲೇ ಮುರಿದಿತ್ತು ಎಂದು ಬೀಗರು ನೆಂಟರೆದುರು ವಾದಿಸಿದ್ದನ್ನೂ ದಾಟಿ, "ಅವನೂ ಒಬ್ಬ ಬೀಗ!" ಎಂಬಲ್ಲಿಗೆ ಮುಗಿಯುತ್ತಿತ್ತು. ಅಲ್ಲಿಗೆ ಬೆರಳು ಗುಂಡಿ ಒತ್ತುತ್ತಿತ್ತು.

ಭಾನುವಾರ ಬೀಗರು ಹೊಸ ಏಣಿಯೊಂದನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದರು. "ತಪ್ಪಾಯ್ತು ಬೀಗರೇ, ನನ್ನ ಭಾರಕ್ಕೇ ಮುರೀತು ಅದು," ಎಂದರು. ಇಬ್ಬರೂ ಹೊಸ ಏಣಿಯನ್ನು ಗೋಡೆಗೆ ಒರಗಿಸಿ ಕಾಫಿ ಕುಡಿದರು.

ಸೋಮವಾರದಿಂದ ಪದರಗಳು ಮೊಂಡು ಹಿಡಿದವು. ಬುಧವಾರದ ಹೊತ್ತಿಗೆ ಹನ್ನೊಂದು ಗಾಜು ಕಸದ ಡಬ್ಬಿ ಸೇರಿದವು. ಗೊಣಗಣ್ಣನಿಗೆ ಊಟ ಸೇರಲಿಲ್ಲ. ಕೈಗುಣವೇ ಹೋದ ಮೇಲೆ ತನ್ನಲ್ಲಿ ಉಳಿಯುವುದೇನು ಎಂಬ ಭಯ ಹಿಡಿಯಿತು.

ಗುರುವಾರ ಮದ್ದು ಸುರಿದು ಅಭ್ಯಾಸಬಲದಿಂದ "ಏಣಿ ಕೇಳ್ದ, ಕೊಟ್ಟೆ" ಎಂದು ಶುರುಮಾಡಿದವರು, "ಪಾಪ, ಒಳ್ಳೇ ಮನುಷ್ಯ" ಎಂದು ಗುಂಡಿ ಒತ್ತಿಬಿಟ್ಟರು. ಹುಡುಗಿ ತಟ್ಟನೆ ತಲೆಯೆತ್ತಿದಳು.

"ಅಣ್ಣಾ, ಪೂರ್ತಿ ಯಾಕೆ ಬೈಲಿಲ್ಲ?"

"ಏನು?"

"ದಿನಾ ಪೂರ್ತಿ ಬೈದು ಮುಗಿಸಿದ ಮೇಲೇ ಗುಂಡಿ ಒತ್ತೋದು ನೀವು. ಈ ವಾರ ಅರ್ಧಕ್ಕೇ ನಿಲ್ಲಿಸ್ತಿದ್ದೀರ. ಇನ್ನೊಂದ್ಸಲ ಪೂರ್ತಿ ಬೈರಿ, ನಾನು ಟೈಮ್ ನೋಡ್ತೀನಿ."

"ಛೆ ಛೆ! ಮನೆಗೆ ಬಂದು ತಪ್ಪೊಪ್ಪಿಕೊಂಡು ಹೋಗಿದಾನೆ ಆ ಮನುಷ್ಯ. ಬೈದ್ರೆ ನನ್ನ ಬಾಯಲ್ಲಿ ಹುಳ ಬೀಳತ್ತೆ."

"ನನ್ನ ಡಿಗ್ರಿಗೋಸ್ಕರ ಅಣ್ಣಾ. ಒಂದೇ ಒಂದ್ಸಲ."

ಗೊಣಗಣ್ಣ ಮನಸ್ಸಿನಲ್ಲೇ ಬೀಗರ ಕ್ಷಮೆ ಕೇಳಿ, ಹೊಸ ಗಾಜಿಗೆ ಮದ್ದು ಸುರಿದರು. ಮೊದಲೆರಡು ಮಾತು ಪಾಠ ಒಪ್ಪಿಸುವಂತೆ ಬಂತು. ಮೂರನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಸಿಟ್ಟು ತಾನಾಗಿಯೇ ನೆತ್ತಿಗೇರಿತು. "ಅವನೂ ಒಬ್ಬ ಬೀಗ!" ಎಂದು ಗುಂಡಿ ಒತ್ತಿದಾಗ ಐವತ್ತೆರಡು ಸೆಕೆಂಡಾಗಿತ್ತು. ಮೀಟರಿನ ಮುಳ್ಳು ಜಿಗಿಯಿತು, ಹುಡುಗಿಯೂ ಜಿಗಿದಳು.

ಗೊಣಗಣ್ಣ ಸ್ಟೂಲು ಎಳೆದುಕೊಂಡು ಕೂತರು. "ಹಾಗಾದ್ರೆ ಕೈಗುಣ ಅಲ್ವೇನಮ್ಮ?"

"ಒಂದು ಗುಳ್ಳೆ ಏಳದ ಹಾಗೆ ಸುರಿಯೋದು ನನಗೆ ಇವತ್ತಿಗೂ ಬರಲ್ಲ ಅಣ್ಣ," ಎಂದಳು ಅವಳು.

ಶುಕ್ರವಾರ ಮೇಜಿನ ಮೇಲೆ ಸ್ಟಾಪ್‌ವಾಚು ಇತ್ತು. ಗೊಣಗಣ್ಣ ತುಟಿ ಬಿಗಿಹಿಡಿದು ಸುರಿದರು, ಐವತ್ತೆರಡಕ್ಕೆ ಒತ್ತಿದರು. ಕರೆಂಟು ಹರಿಯಿತು. ಪರೀಕ್ಷಕರು ಮೀಟರನ್ನು ಎರಡು ಸಲ ನೋಡಿ, ಕನ್ನಡಕ ತೆಗೆದು, "ಐವತ್ತೆರಡೇ ಯಾಕಮ್ಮ? ಇದನ್ನ ಹೇಗೆ ಕಂಡುಹಿಡಿದ್ರಿ?" ಎಂದರು.

ನಿಜ ಹೇಳಿದರೆ ಗೊಣಗಣ್ಣನ ಮೂವತ್ತೊಂದು ವರ್ಷದ ಹೆಸರು ಎಲ್ಲರೆದುರು ಹೋಗುತ್ತದೆ ಎಂದು ಹುಡುಗಿ ತನ್ನ ಪುಸ್ತಕದ ಹಾಳೆ ತಿರುವತೊಡಗಿದಳು. ಅದು ಗೊಣಗಣ್ಣನಿಗೂ ಗೊತ್ತಾಯಿತು. ಅವರು ಗ್ಲೌಸು ಬಿಚ್ಚಿ ಮುಂದೆ ಬಂದರು.

"ನಮ್ಮ ಬೀಗರು ಏಣಿ ಮುರಿದಿದ್ರು ಸಾರ್," ಎಂದು ಶುರುಮಾಡಿ, ಮೂರನೇ ಮೆಟ್ಟಿಲನ್ನೂ ಬಿಡದೆ ಎಲ್ಲ ಹೇಳಿದರು.

ಪರೀಕ್ಷಕರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು.

"ನಲವತ್ತಕ್ಕೂ ಅರವತ್ತಕ್ಕೂ ಒಂದೊಂದು ಪದರ ಮಾಡಿ ಥೀಸಿಸ್ಸಿಗೆ ಸೇರಿಸಮ್ಮ," ಎಂದು ಸಹಿ ಹಾಕಿ, ಗೊಣಗಣ್ಣನ ಕಡೆ ತಿರುಗಿದರು. "ನಿಮ್ಮ ಬೀಗರು ಒಳ್ಳೆಯವರು ಕಣ್ರೀ. ನಮ್ಮ ಬೀಗರಾಗಿದ್ರೆ ಬೈಯೋಕೇ ಎರಡು ನಿಮಿಷ ಹಿಡೀತಿತ್ತು, ಪದರ ಹಾಳಾಗಿರೋದು."