ಬಿಳಿ ಎತ್ತು ಮತ್ತು ಪುಣೆಯ ಕಾಲೇಜು

ನನ್ನ ಅಣ್ಣನ ಮಗ ಮೆಟ್ರಿಕ್ ಪರೀಕ್ಷೆ ಬರೆದು ಸಂಪಗಾಂವದ ಮನೆಗೆ ಬಂದ ವರ್ಷ ನಾನು ಬೆಳಗಾವಿಯ ಒಂದು ವಾರಪತ್ರಿಕೆಯಲ್ಲಿ ಕೆಲಸಕ್ಕಿದ್ದೆ. ಯುರೋಪಿನಲ್ಲಿ ಯುದ್ಧ ನಡೆದಿತ್ತು. ಮೊದಲ ಪುಟವೆಲ್ಲ ತಂತಿ ಸುದ್ದಿಗೆ ಹೋಗುತ್ತಿತ್ತು. ಬೈಲಹೊಂಗಲದ ಹತ್ತಿಯ ಧಾರಣೆ, ಕಿತ್ತೂರಿನ ಕಡೆಯ ಮಳೆ, ಸವದತ್ತಿಯ ದನದ ಸಂತೆ, ರಾಮದುರ್ಗ ಸಂಸ್ಥಾನದ ಹೊಸ ರಸ್ತೆ, ಇವು ಒಳಪುಟದ ಮಾತು. ಆ ಒಳಪುಟ ನನ್ನ ಪಾಲಿನದು. ಎರಡು ಸಲ ನೋಡದೆ ಯಾವ ಸುದ್ದಿಯನ್ನೂ ಅಚ್ಚಿಗೆ ಕೊಡಬಾರದು ಎಂಬುದು ನಮ್ಮ ಸಂಪಾದಕರ ನಿಯಮ. ಅದು ನನಗೆ ಎಷ್ಟು ರೂಢಿಯಾಗಿತ್ತೆಂದರೆ ಊಟಕ್ಕೆ ಕರೆದರೂ ಎರಡು ಸಲ ಕೇಳಿಸಿಕೊಂಡು ಏಳುತ್ತಿದ್ದೆ ಎಂದು ಅವ್ವ ನಗುತ್ತಿದ್ದಳು.

ನಮ್ಮ ಮನೆಯಲ್ಲಿ ಮೆಟ್ರಿಕ್ ದಾಟಿದವನು ನಾನೊಬ್ಬನೇ. ಕಾಲೇಜಿನ ಒಳಗೆ ಕಾಲಿಟ್ಟವರು ಯಾರೂ ಇಲ್ಲ. ಹೀಗಾಗಿ ಹುಡುಗ ಪಾಸಾದರೆ ಯಾವ ಕಾಲೇಜಿಗೆ ಹೋಗಬೇಕು, ಏನು ಓದಬೇಕು ಎಂದು ತಿಳಿದು ಹೇಳುವ ಕೆಲಸ ನನಗೆ ಬಂತು. ಮುಂಬಯಿ, ಪುಣೆಗಳ ಕಾಲೇಜುಗಳಿಂದ ನಿಯಮದ ಪುಸ್ತಿಕೆಗಳನ್ನು ತರಿಸಿದೆ. ಫಲಿತಾಂಶ ಬರುವ ಹೊತ್ತಿಗೆ ರಜೆ ಹಾಕಿ, ಅವುಗಳನ್ನು ಗಂಟು ಕಟ್ಟಿಕೊಂಡು ಊರಿಗೆ ಬಂದೆ. ಫಲಿತಾಂಶ ಅಚ್ಚಾದ ಮುಂಬಯಿ ಪತ್ರಿಕೆ ಬೆಳಗಾವಿಗೆ ಬಂದ ಕೂಡಲೇ ಕಚೇರಿಯ ಗೆಳೆಯ ಅದನ್ನು ಟಪಾಲಿನಲ್ಲಿ ಕಳಿಸುವವನಿದ್ದ. ಕಾಲೇಜು ಸುರುವಾಗಲು ಹೆಚ್ಚು ದಿನ ಉಳಿದಿರಲಿಲ್ಲ. ಫಲಿತಾಂಶ ಬಂದ ಮರುದಿನವೇ ಅರ್ಜಿ ಹೋಗಬೇಕು. ಆದ್ದರಿಂದ ಓದುವುದೇನು ಎಂಬುದು ಮೊದಲೇ ಗೊತ್ತಾಗಬೇಕಿತ್ತು.

ಕಾರಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಸಭೆ ಸೇರಿತು. ನಾನು ಒಂದೊಂದೇ ಪುಸ್ತಿಕೆ ತೆಗೆದು ಕನ್ನಡದಲ್ಲಿ ಹೇಳುತ್ತ ಹೋದೆ. ಡಾಕ್ಟರಿಕೆಯ ಮಾತು ಬಂದಾಗ ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಲ್ಲಿ ಹೆಣಾ ಕೊಯ್ಯಸ್ತಾರಂತ, ಖರೇನ?"

"ಹೌದವ್ವಾ. ಕಲಿಯಾಕ ಕೊಯ್ಯಬೇಕಾಗತೈತಿ."

"ಮುಂದಿಂದು ಓದು" ಎಂದು ಒಳಗೆ ಹೋದಳು. ಡಾಕ್ಟರಿಕೆ ಅಲ್ಲಿಗೆ ಮುಗಿಯಿತು.

ಎಂಜಿನಿಯರಿಂಗಿಗೆ ಗಣಿತ ಚೆನ್ನಾಗಿರಬೇಕು ಎಂದೆ. ಹುಡುಗ ತಾನಾಗಿಯೇ, "ಅದನ್ನ ಬಿಡ ಕಾಕಾ. ಪಾಸಾದ್ರ ಗಣಿತಕ್ಕ ಕಾಯಿ ಒಡಸಬೇಕು" ಎಂದ. ಅಣ್ಣ ನಕ್ಕ. ಅಪ್ಪ ನಗಲಿಲ್ಲ.

"ಇವನ್ನೆಲ್ಲಾ ಯಾಕ ಓದತಿ? ವಕೀಲಿ ಎಲ್ಲೈತಿ, ಅದನ್ನ ತಗಿ" ಎಂದರು.

ಅಪ್ಪನ ವಕೀಲಿಯ ಆಸೆಗೆ ಒಂದು ಬದುವು ಕಾರಣ. ಬಾಜೂ ಹೊಲದವರು ಬದು ಒತ್ತಿದರೆಂದು ಅವರು ಹಿಂದೊಮ್ಮೆ ಕೋರ್ಟು ಹತ್ತಿದ್ದರು. ಬೆಳಗಾವಿಯ ವಕೀಲನೊಬ್ಬ ಕರಿಯ ಕೋಟಿನಲ್ಲಿ ಎದ್ದು ನಿಂತು ಇಂಗ್ರೇಜಿಯಲ್ಲಿ ನಾಲ್ಕು ಮಾತು ಆಡಿದ. ಅಪ್ಪನಿಗೆ ಒಂದು ಶಬ್ದವೂ ತಿಳಿಯಲಿಲ್ಲ. ಆದರೆ ಬದು ತಿರುಗಿ ಬಂತು. ಅಂದಿನಿಂದ ಅಂಥ ಒಬ್ಬ ಮನುಷ್ಯ ನಮ್ಮ ಮನೆಯಲ್ಲೇ ಹುಟ್ಟಬೇಕೆಂದು ಅವರಿಗೆ ಇತ್ತು. ನನ್ನಿಂದ ಅದಾಗಲಿಲ್ಲ. ನಾನು ಸುದ್ದಿ ಬರೆಯಲು ಹೋದೆ. ಈಗ ಮೊಮ್ಮಗನ ಸರದಿ.

"ವಕೀಲಿ ಸೀದಾ ಸಿಗೂದಿಲ್ಲರಿ ಅಪ್ಪಾ. ಮೊದಲ ಬಿ.ಎ. ಮುಗಿಸಬೇಕು, ಆಮ್ಯಾಲ ಕಾಯದೆ" ಎಂದೆ.

"ಮುಗಸ್ತಾನ. ಅವಗೇನ ವಯಸ್ಸಾಗೇತಿ?"

ಹುಡುಗ ನೆಲ ನೋಡುತ್ತಿದ್ದ. ಉಳಿದದ್ದು ತೆಳುವಾದ ಒಂದೇ ಪುಸ್ತಿಕೆ, ಪುಣೆಯ ಕೃಷಿ ಕಾಲೇಜಿನದು. ನಾನು ಅದನ್ನು ತೆಗೆದದ್ದೇ ತಡ, ಅವನು ಮುಂದಕ್ಕೆ ಸರಿದು ಕುಳಿತ.

"ಅಜ್ಜಾ, ನಾ ಇದನ್ನ ಓದತೇನಿ."

"ಏನದು?"

"ಹೊಲದ ಕಾಲೇಜು."

ಅಪ್ಪನಿಗೆ ತಡೆಯಲಾರದಷ್ಟು ನಗೆ ಬಂತು. "ಕೇಳಿದೇನ, ಹೊಲಾ ಮಾಡೂದ ಕಲಿಯಾಕ ಪುಣೆಕ್ಕ ಹೋಗತಾನಂತ! ನಮ್ಮ ಎರಿಹೊಲಕ್ಕ ಬಾರೋ ಮಗನ, ಫೀಸಿಲ್ಲದ ಕಲಸ್ತೇನಿ. ಊಟಾನೂ ಹಾಕತೇನಿ."

"ನಿನಗ ಗೊತ್ತಿದ್ದರ ಹೇಳು. ಒಂದ ಸಾಲಿನ್ಯಾಗ ಒಂದ ಹತ್ತಿಗಿಡ ಸೊರಗಿ ಸಾಯತೈತಿ. ಅದರ ಬಾಜೂದ್ದು ಹೂವಾಗಿ ನಿಂದರತೈತಿ. ಅದ ಮಣ್ಣು, ಅದ ಮಳಿ, ಅದ ಬೀಜ. ಯಾಕ?"

"ದೇವರ ಇಚ್ಛಾ."

"ಅದನ್ನ ಕಾಲೇಜಿನ್ಯಾಗ ಬ್ಯಾರೆ ಹೇಳತಾರಂತ."

ಅಪ್ಪನ ನಗೆ ನಿಂತಿತು. ಸೊರಗು ರೋಗ ಹಿಂದಿನ ವರ್ಷ ನಮ್ಮ ಅರ್ಧ ಹೊಲವನ್ನು ತಿಂದಿತ್ತು. ಸಾಯದೆ ಉಳಿದ ಗಿಡಗಳ ಬೀಜವನ್ನು ಹುಡುಗ ಬೇರೆಯಾಗಿ ಆರಿಸಿ ಒಂದು ಗಡಿಗೆಯಲ್ಲಿ ಬೂದಿ ಬೆರೆಸಿ ಇಟ್ಟಿದ್ದನ್ನು ನಾನು ನೋಡಿದ್ದೆ. ಹಟದ ಹುಡುಗ, ಆದರೆ ಹುಡುಗಾಟದ ಹಟವಲ್ಲ.

ಮಾತು ಬೆಳೆಯಿತು. ಅಣ್ಣನನ್ನು ಕೇಳಿದರೆ "ಅಪ್ಪ ಹೇಳಿದ್ದ ಖರೆ" ಎಂದ. ನನ್ನನ್ನು ಕೇಳಿದರು. ಎರಡರ ಲಾಭ ನಷ್ಟಗಳನ್ನೂ ಹೇಳಿದೆ. "ನೀ ಪೇಪರಿನಾಂವ, ಇಬ್ಬರದೂ ಬರೀತಿ" ಎಂದು ಅವ್ವ ಒಳಗಿನಿಂದ ಅಂದಳು. ಕಡೆಗೆ ಅಪ್ಪ ಎದ್ದು ರುಮಾಲು ಸುತ್ತಿಕೊಳ್ಳುತ್ತ ತೀರ್ಪು ಹೇಳಿದರು.

"ನಾಳೆ ಕರಿ ಹರಿಯೂದೈತೆಲ್ಲ. ಬಿಳಿ ಎತ್ತು ಹರದರ ವಕೀಲಿ. ಕೆಂದೆತ್ತು ಹರದರ ನಿನ್ನ ಹೊಲದ ಕಾಲೇಜು. ಒಪ್ಪಿಗೇನ?"

ನಮ್ಮ ಕಡೆ ಕಾರಹುಣ್ಣಿಮೆಯ ಸಂಜೆ ಊರ ಮುಂದಿನ ಅಗಸೆ ಬಾಗಿಲಿಗೆ ಅಡ್ಡವಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ. ಅದೇ ಕರಿ. ಸಿಂಗರಿಸಿದ ಎತ್ತುಗಳನ್ನು ದೂರದಿಂದ ಓಡಿಸಿಕೊಂಡು ಬರುತ್ತಾರೆ. ಬಿಳಿ ಎತ್ತು ಮೊದಲು ಹಾಯ್ದು ಹಗ್ಗ ಹರಿದರೆ ಆ ವರ್ಷ ಹಿಂಗಾರಿಯ ಬಿಳಿಜೋಳ, ಹತ್ತಿ ಚೆನ್ನಾಗಿ ಬರುತ್ತವೆ. ಕೆಂಪು ಎತ್ತು ಹರಿದರೆ ಮುಂಗಾರಿಯ ಬೆಳೆ ಎಂದು ಎಲ್ಲರ ನಂಬಿಕೆ. ಏನು ಬಿತ್ತಬೇಕೆಂಬುದನ್ನು ಎತ್ತಿಗೆ ಕೇಳುವ ಜನ ನಾವು. ಏನು ಓದಬೇಕೆಂಬುದನ್ನೂ ಅದಕ್ಕೇ ಕೇಳಿದ್ದು ಅಪ್ಪನಿಗೆ ವಿಚಿತ್ರವೆನಿಸಲಿಲ್ಲ.

ತೊಡಕು ಬೇರೆಯದಿತ್ತು. ಊರಿನಲ್ಲಿ ಎಲ್ಲಕ್ಕಿಂತ ಜೋರಾಗಿ ಓಡುವ ಬಿಳಿ ಎತ್ತು ನಮ್ಮದೇ. ಹಿಂದಿನ ವರ್ಷ ಕರಿ ಹರಿದದ್ದೂ ಅದೇ. ಅದನ್ನು ಕರುವಾಗಿದ್ದಾಗಿನಿಂದ ಸಾಕಿ, ರಜೆಗೆ ಬಂದಾಗಲೆಲ್ಲ ಓಡಿಸಿ ತಯಾರು ಮಾಡಿದವನು ಇದೇ ಹುಡುಗ. ಅದಕ್ಕೆ ಎದುರಾಗಿ ನಿಲ್ಲಬಲ್ಲದ್ದು ಗೌಡರ ಮನೆಯ ಕೆಂದೆತ್ತು ಒಂದೇ.

ಹುಡುಗ ಅಜ್ಜನ ಮುಖವನ್ನು ನೋಡಿದ. ತಿಳಿದೇ ಹಾಕಿದ ಪಣವೆಂದು ಅವನಿಗೂ ಗೊತ್ತಾಯಿತು.

"ಒಪ್ಪಿಗಿ" ಎಂದ.

ಸುದ್ದಿ ಸಂಜೆಯೊಳಗೆ ಊರಿಗೆಲ್ಲ ಹಬ್ಬಿತು. ಮರುದಿನ ಬೆಳಿಗ್ಗೆ ಹಳ್ಳದಲ್ಲಿ ಎತ್ತು ತೊಳೆಯಲು ಹೋದಾಗ ಬೇರೆ ಮಾತೇ ಇಲ್ಲ. ಗೌಡರ ಎತ್ತು ಓಡಿಸುವವನು ನೀರಿನಲ್ಲಿ ನಿಂತೇ ಕೂಗಿದ: "ಏನರಿ ವಕೀಲಸಾಹೇಬ್ರ! ಕೋಟು ಹೊಲಿಯಾಕ ಹಾಕಿದ್ರೇನ?"

"ನಿನ್ನ ಎತ್ತಿನ ಕಾಲಿಗೆ ಎಣ್ಣಿ ತಿಕ್ಕಪಾ. ನನ್ನ ಕೋಟಿನ ಚಿಂತಿ ನಿನಗ್ಯಾಕ?" ಎಂದ ಹುಡುಗ.

ಗೌಡರ ಆಳು ಹತ್ತಿರ ಬಂದು ದನಿ ತಗ್ಗಿಸಿದ. "ಶಾಣ್ಯಾ ಇದ್ದಿ, ನಾ ಹೇಳಬೇಕೇನ? ಓಟಕ್ಕ ಬಿಡೂ ಮುಂದ ಬಿಳಿ ಎತ್ತಿಗೆ ಒಂದ ಹರವಿ ನೀರ ಕುಡಸು. ಹೊಟ್ಟಿ ಭಾರಾಗತೈತಿ. ನನ್ನ ಎತ್ತೂ ಗೆಲ್ಲತೈತಿ, ನೀನೂ ಗೆಲ್ಲತಿ. ಯಾರಿಗಿ ಗೊತ್ತಾಗತೈತಿ?"

ನಾನು ದಂಡೆಯ ಮೇಲೆ ಕುಳಿತಿದ್ದೆ. ಹುಡುಗ ಏನು ಹೇಳುತ್ತಾನೆಂದು ಕಾಯ್ದೆ. ಅವನು ಕೈಯಲ್ಲಿದ್ದ ಹುಲ್ಲಿನ ಹಿಡಿಯಿಂದ ಎತ್ತಿನ ಬೆನ್ನು ತಿಕ್ಕುತ್ತಲೇ ಇದ್ದ.

"ಎತ್ತಿಗೆ ಗೊತ್ತಾಗತೈತಿ" ಎಂದ.

ಮಧ್ಯಾಹ್ನವೆಲ್ಲ ಹುಡುಗ ಕೊಟ್ಟಿಗೆಯಲ್ಲಿ ಗೋದಲಿಯ ಹತ್ತಿರವೇ. ಕೊಂಬಿಗೆ ಕೆಂಪು ಹುರಮಂಜು ಬಳಿದ, ಗೊಂಡೆ ಕಟ್ಟಿದ, ಕೊರಳಿಗೆ ಗೆಜ್ಜೆಸರ ಹಾಕಿದ. ದನಗಳಿಗೆ ನೀರಿಡುವ ಬಾನಿ ತುಂಬಿತ್ತು. ಅಪ್ಪ ಏನೋ ಹುಡುಕುವವರಂತೆ ಕೊಟ್ಟಿಗೆಗೆ ಹೋಗಿ ಬರುತ್ತಿದ್ದರು. ಪ್ರತಿ ಸಲವೂ ಅವರ ಕಣ್ಣು ಮೊದಲು ಬಾನಿಯ ಮೇಲೆ ಬೀಳುವುದನ್ನು ನಾನು ಗಮನಿಸಿದೆ. ನೀರು ಇದ್ದಷ್ಟೇ ಇತ್ತು.

ಹೊತ್ತು ಇಳಿಯುವಾಗ ಅಗಸೆಯ ಎರಡೂ ಕಡೆ ಜನ ಕಿಕ್ಕಿರಿದು ನಿಂತರು. ಮಾಳಿಗೆಗಳ ಮೇಲೆ ಹೆಂಗಸರು. ಅವ್ವನೂ ಹತ್ತಿದ್ದಳು. ನಾನು ಕರಿಯ ಪಕ್ಕದಲ್ಲೇ ಜಾಗ ಹಿಡಿದೆ. ಕಣ್ಣಾರೆ ಕಂಡದ್ದನ್ನೇ ಬರೆಯಬೇಕೆಂಬ ಅಭ್ಯಾಸ. ಹಲಗೆಯ ಬಡಿತ ಏರುತ್ತಲೇ ದೂರದಲ್ಲಿ ಧೂಳೆದ್ದಿತು. "ಬಂದೂ! ಬಂದೂ!"

ಮುಂದೆ ಗೌಡರ ಕೆಂದೆತ್ತು. ಕೊಂಬು ತಗ್ಗಿಸಿ ಬಾಣದಂತೆ ಬರುತ್ತಿತ್ತು. ಅದರ ಹಿಂದೆ ನಮ್ಮದು, ಪಕ್ಕದಲ್ಲಿ ಹಗ್ಗ ಹಿಡಿದ ಹುಡುಗ. ಹಲಗೆಯವರ ಹತ್ತಿರ ಬಂದಾಗ ಬಿಳಿ ಎತ್ತು ಬೆದರಿ ಒಂದು ಮಗ್ಗುಲಿಗೆ ಹಾರಿತು. ಕೆಂದೆತ್ತು ಇನ್ನೂ ಮುಂದಾಯಿತು. ಅಲ್ಲಿ ಹುಡುಗ ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಪುಣೆಯ ಕಾಲೇಜು ಅವನದೇ.

ಅವನು ಸುಮ್ಮನಿರಲಿಲ್ಲ. ಎತ್ತಿನ ಕೊರಳಿಗೆ ಮೈ ಒತ್ತಿ, ಅದನ್ನು ದಾರಿಗೆ ತಿರುಗಿಸಿ, "ಹೋಯ್ ನನ್ನ ಬಿಳಿಯಾ! ಹೋಯ್!" ಎಂದು ಗಂಟಲು ಹರಿಯುವಂತೆ ಕೂಗಿದ. ಎತ್ತು ಅವನ ದನಿಗೆ ಕಿವಿ ನಿಮಿರಿಸಿತು. ಆಮೇಲೆ ಅದು ಓಡಿದ ಓಟವನ್ನು ನಾನು ಮತ್ತೆ ನೋಡಿಲ್ಲ. ಹುಡುಗನ ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ ಹೇಳಲಾರೆ. ಕೆಂದೆತ್ತಿನ ಹೆಗಲಿಗೆ ಬಿಳಿ ಎತ್ತಿನ ಹೆಗಲು ಬಂತು, ಕೊಂಬಿಗೆ ಕೊಂಬು ಬಂತು. ಬೇವಿನ ಎಲೆ ನನ್ನ ಮುಖಕ್ಕೆ ಸಿಡಿಯಿತು. ಕರಿ ಹರಿದಿತ್ತು. ಹರಿದ ತುಂಡು ಬಿಳಿ ಎತ್ತಿನ ಕೊಂಬಿನಲ್ಲಿತ್ತು.

ಹುಡುಗ ಕುಣಿದ. ಎತ್ತಿನ ಮುಖಕ್ಕೆ ಮುಖ ಹಚ್ಚಿದ, ನನ್ನನ್ನು ಎತ್ತಿ ತಿರುಗಿಸಿದ. "ಕಾಕಾ, ನೋಡಿದೇನ! ಹಿಂದ ಬಿದ್ದಿತ್ತು, ಹಿಂದ ಬಿದ್ದಿತ್ತು!" ಊರೇ ಕೇಕೆ ಹಾಕುತ್ತಿತ್ತು. ನಾನೂ ಹಾಕಿದೆ. ತುಸು ಹೊತ್ತಾದ ಮೇಲೆ ಅವನ ಕೈ ಸಡಿಲಾಯಿತು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ಕಾಕಾ, ಬಿ.ಎ. ಆದ ಮ್ಯಾಲ ಕಾಯದೆ ಇನ್ನ ಎಷ್ಟ ವರ್ಷ ಅಂದಿ?"

ನಾನು ಉತ್ತರ ಕೊಡುವಷ್ಟರಲ್ಲಿ ಜನರನ್ನು ಸರಿಸುತ್ತ ಟಪಾಲಿನವನು ಬಂದ. ಬೈಲಹೊಂಗಲದಿಂದ ನಡೆದು ಬಂದವನು ಹಬ್ಬದ ಗದ್ದಲದಲ್ಲಿ ನನ್ನನ್ನು ಹುಡುಕಿ ಸಾಕಾಗಿದ್ದ. ಕೈಗೆ ಕಾಗದ ಸುತ್ತಿದ ಪತ್ರಿಕೆ ಕೊಟ್ಟ.

ಮನೆಯ ಕಟ್ಟೆಯ ಮೇಲೆ ಬಿಚ್ಚಿದೆ. ಯುದ್ಧದ ಸುದ್ದಿಗಳ ಹಿಂದೆ, ಸಣ್ಣ ಅಕ್ಷರಗಳಲ್ಲಿ ಪಾಸಾದವರ ಸಾಲುಗಳು. ಬೆರಳಿಟ್ಟು ಇಳಿಯುತ್ತ ಹೋದೆ. ಒಂದು ಕಡೆ ಬೆರಳು ನಿಂತಿತು. ನಾನು ಮತ್ತೆ ಮೇಲಿನಿಂದ ಸುರು ಮಾಡಿದೆ.

"ಏನಾತು?" ಎಂದ ಅಣ್ಣ.

"ತಡಿ, ಎರಡನೇ ಸಲ ನೋಡತೇನಿ."

"ಎರಡನೇ ಸಲದ್ದು ಆಮ್ಯಾಲ ನೋಡೋ!" ಎಂದು ಅವ್ವ ಗದರಿದಳು. "ಮೊದಲನೇ ಸಲ ಏನ ಕಂಡತಿ, ಅದನ್ನ ಹೇಳು!"

"ಪಾಸ್" ಎಂದೆ. ನನ್ನ ವೃತ್ತಿಯಲ್ಲಿ ಒಮ್ಮೆಯೇ ನೋಡಿ ಕೊಟ್ಟ ಸುದ್ದಿ ಅದೊಂದೇ. ಸುಳ್ಳಾಗಲಿಲ್ಲ.

ಅವ್ವ ಬೆಲ್ಲದ ಗಡಿಗೆಯನ್ನೇ ಹೊರಗೆ ತಂದಳು. ಬಂದವರ ಬಾಯಿಗೆಲ್ಲ ಬೆಲ್ಲ ಬಿತ್ತು, ಬಿಳಿ ಎತ್ತಿಗೆ ದೊಡ್ಡ ಪಾಲು. ಜನ ಕರಗಿದ ಮೇಲೆ ನಾನು ಶಾಯಿಯ ದೌತಿ, ಬರೆಯುವ ಟಾಕು ತಂದು ಅರ್ಜಿಯ ಹಾಳೆ ಹಾಸಿದೆ. ಬೆಳಗಿನ ಟಪಾಲಿಗೆ ಅದು ಹೋಗಬೇಕಿತ್ತು.

"ಯಾವ ಕಾಲೇಜಿಗೆ ಬರೀಲಿರಿ?"

ಹುಡುಗನೇ ಹೇಳಿದ: "ವಕೀಲಿ ಕಡೇದ್ದು ಬರಿ, ಕಾಕಾ. ಬಿಳಿ ಎತ್ತು ಹರದೈತಿ. ಮಾತು ಮಾತ."

"ನೀ ಸುಮ್ಮಕುಂದ್ರ" ಎಂದರು ಅಪ್ಪ. "ಮಾತ ಕಟ್ಟಿದಾಂವ ನಾನು. ಬಿಚ್ಚಾಂವನೂ ನಾನ. ಮಧ್ಯಾನದಿಂದ ನೋಡಾಕ ಹತ್ತೇನಿ. ಆ ಬಾನ್ಯಾಗಿನ ನೀರು ಒಂದ ಬೊಗಸಿ ಕಡಿಮಿ ಆಗಲಿಲ್ಲ. ಅಗಸ್ಯಾಗ ಎತ್ತು ಬೆದರಿತು, ಆಗೂ ಕೈ ಬಿಡಲಿಲ್ಲ."

"ಹೆಂಗ ಬಿಡ್ಲಿ ಅಜ್ಜಾ? ನನ್ನ ಎತ್ತು."

"ಅದನ್ನ ಹೇಳಾಕ ಹತ್ತೇನಿ. ನಮ್ಮ ಬದುವಿನ ವಕೀಲ ಇದ್ದಿದ್ದರ ಏನ ಮಾಡತಿದ್ದ? ಎತ್ತಿಗೆ ಹರವಿ ನೀರ ಕುಡಸ್ತಿದ್ದ, ತಾ ಗೆಲ್ಲತಿದ್ದ, ಮ್ಯಾಲ ಗೌಡರ ಕಡಿಂದ ಒಂದ ರುಮಾಲ ಸುತ್ತಿಸ್ಕೊಂಡ ಬರತಿದ್ದ. ನಿನ್ನ ಕೋರ್ಟಿಗೆ ಕಳಸಿದ್ರ ನೀ ಎದರ ಪಾರ್ಟಿಯವಗ ದಾರಿ ತೋರಿಸಿ ಬರತಿ. ವಕೀಲಿ ನಿನ್ನ ಕೈಲೆ ಆಗೂದಲ್ಲ ಬಿಡು."

ಒಳಗಿನಿಂದ ಅವ್ವನ ನಗೆ ಕೇಳಿಸಿತು. ಹುಡುಗ ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದ. ಅಪ್ಪ ನನಗೆ, "ಬರಿ. ಹೊಲದ ಕಾಲೇಜು" ಎಂದರು. ಆಮೇಲೆ ಅವನ ಕಡೆ ಬೆರಳು ಮಾಡಿ, "ಆದರ ಕೇಳ. ಆ ಒಂದ ಗಿಡ ಯಾಕ ಸಾಯತೈತಿ ಅನ್ನೂದ ತಿಳಕೊಂಡ ಬರಬೇಕು. ದೇವರ ಇಚ್ಛಾ ಅಂತ ಹೇಳೂದಿದ್ದರ ಅಲ್ಲಿಗೆ ಹೋಗೂದ ಬ್ಯಾಡ, ಅದನ್ನ ನಾನ ಹೇಳತೇನಿ" ಎಂದರು.

ನಾನು ಬರೆದೆ. ಶಾಯಿ ಆರುವ ಮುಂಚೆಯೇ ಹುಡುಗ ಕಟ್ಟೆಯಿಂದ ಹಾರಿ ಕೊಟ್ಟಿಗೆಗೆ ಓಡಿದ.

ಬೆಳಗಾವಿಯ ಸ್ಟೇಶನ್ನಿಗೆ ಅವನನ್ನು ಬಿಡಲು ಚಕ್ಕಡಿ ಕಟ್ಟಿದ ದಿನ ನೊಗದ ಬಲಕ್ಕೆ ಬಿಳಿ ಎತ್ತು ಇತ್ತು. ಹಗ್ಗ ಅಪ್ಪನ ಕೈಯಲ್ಲಿತ್ತು. ಆ ಮುಂಜಾನೆ ಎತ್ತಿಗೆ ಹೊಟ್ಟೆ ತುಂಬ ನೀರು ಕುಡಿಸಿದವರೂ ಅವರೇ. ಚಕ್ಕಡಿ ಬಹಳ ನಿಧಾನವಾಗಿ ಹೋಯಿತು. ಜೋರು ಹೊಡೆಯಿರಿ ಎಂದು ಅವರಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.